ಕಿದ್ವಾಯಿ ಎಂದರೆ ಬರೀ ಆಸ್ಪತ್ರೆಯಲ್ಲ

ಬೆಂಗಳೂರಿನಲ್ಲಿ ಯಾರಾದರೂ "ಅವರನ್ನು ಕಿದ್ವಾಯಿಗೆ ಸೇರಿಸಿದ್ದಾರಂತೆ" ಎಂದರೆ ಮುಂದಕ್ಕೆ ಏನೂ ಕೇಳಬೇಕಾಗಿಲ್ಲ. ಕ್ಯಾನ್ಸರ್ ಅಂತ ಗೊತ್ತಾಗಿಬಿಡುತ್ತದೆ. ಇಲ್ಲಿ ಮುಂಬೈಯ ವಡಾಲಾ ಕಡೆ ಅದೇ ಹೆಸರಿನ ದೊಡ್ಡ ರಸ್ತೆ ಇದೆ. ಹೆಸರು ಎಲ್ಲರ ಬಾಯಲ್ಲಿದೆ. ಆದರೆ ಆ ಹೆಸರಿನ ಮನುಷ್ಯ ಯಾರು, ಏನು ಮಾಡಿದರು ಎಂದು ಕೇಳಿದರೆ ನಮ್ಮವರೇ ತಡವರಿಸುತ್ತಾರೆ.

ರಫಿ ಅಹ್ಮದ್ ಕಿದ್ವಾಯಿ 1894ರಲ್ಲಿ ಇಂದಿನ ಉತ್ತರ ಪ್ರದೇಶದ ಬಾರಾಬಂಕಿ ಜಿಲ್ಲೆಯ ಮಸೌಲಿ ಎಂಬ ಹಳ್ಳಿಯಲ್ಲಿ, ಜಮೀನ್ದಾರಿ ಮನೆತನದಲ್ಲಿ ಹುಟ್ಟಿದರು. ಅಲಿಗಢದಲ್ಲಿ ಕಾನೂನು ಓದುತ್ತಿದ್ದವರು ಅದನ್ನು ಅರ್ಧಕ್ಕೇ ಬಿಟ್ಟು ಅಸಹಕಾರ ಚಳವಳಿಗೆ ಇಳಿದರು, ಜೈಲಿಗೆ ಹೋದರು. ಆಮೇಲೆ ಮೋತಿಲಾಲ್ ನೆಹರೂ ಅವರ ಖಾಸಗಿ ಕಾರ್ಯದರ್ಶಿಯಾದರು. 1937ರಲ್ಲಿ ಗೋವಿಂದ ವಲ್ಲಭ ಪಂತ್ ಅವರ ಸಂಪುಟದಲ್ಲಿ ಕಂದಾಯ ಮಂತ್ರಿ. ಅವರ ಕಾಲದಲ್ಲಿ ರೂಪುಗೊಂಡ 1939ರ ಗೇಣಿ ಕಾಯ್ದೆ ಲಕ್ಷಾಂತರ ಗೇಣಿದಾರರಿಗೆ ವಂಶಪಾರಂಪರ್ಯ ಹಕ್ಕು ಕೊಟ್ಟಿತು. ಅದರಿಂದ ಅಧಿಕಾರ ಕಳೆದುಕೊಂಡಿದ್ದು ಯಾರು? ಅವರದೇ ವರ್ಗದ ಜಮೀನ್ದಾರರು.

1947ರಲ್ಲಿ ಸ್ವತಂತ್ರ ಭಾರತದ ಮೊದಲ ಸಂಪುಟದಲ್ಲಿ ಇಬ್ಬರು ಮುಸ್ಲಿಮರಿದ್ದರು. ಮೌಲಾನಾ ಆಜಾದ್‌ರಿಗೆ ಶಿಕ್ಷಣ, ಕಿದ್ವಾಯಿಗೆ ಸಂಪರ್ಕ ಖಾತೆ. ಅದೇ ವರ್ಷದ ಗಲಭೆಯಲ್ಲಿ ಅವರ ತಮ್ಮ ಶಫಿ ಅಹ್ಮದ್ ಮಸ್ಸೂರಿಯಲ್ಲಿ ಕೊಲೆಯಾದರು. ಮಂತ್ರಿಯ ತಮ್ಮನಿಗೇ ರಕ್ಷಣೆ ಸಿಗದ ದಿನಗಳು ಅವು. ಶಫಿಯವರ ಪತ್ನಿ ಅನೀಸ್ ಕಿದ್ವಾಯಿ ದುಃಖವನ್ನು ಎದೆಯಲ್ಲಿಟ್ಟುಕೊಂಡು ದಿಲ್ಲಿಯ ನಿರಾಶ್ರಿತರ ಶಿಬಿರಗಳಲ್ಲಿ ದುಡಿದರು. ರಫಿ ಸಾಹೇಬರು ತಮ್ಮ ಖಾತೆಯ ಕೆಲಸ ಮುಂದುವರಿಸಿದರು. ಈ ದೇಶ ನಮ್ಮದು ಎಂದು ಭಾಷಣದಲ್ಲಿ ಹೇಳುವುದು ಸುಲಭ. ಮನೆಯವರನ್ನು ಕಳೆದುಕೊಂಡ ಮೇಲೂ ಇಬ್ಬರೂ ಅದನ್ನು ಕೆಲಸದಲ್ಲಿ ತೋರಿಸಿದರು.

ಏನು ಕೆಲಸ ಅದು? 1949ರಲ್ಲಿ ರಾತ್ರಿ ವಿಮಾನ ಅಂಚೆ ಶುರುವಾಯಿತು. ದಿಲ್ಲಿ, ಬೊಂಬಾಯಿ, ಕಲ್ಕತ್ತಾ, ಮದ್ರಾಸಿನಿಂದ ರಾತ್ರಿ ಹೊರಟ ವಿಮಾನಗಳು ನಾಗಪುರದಲ್ಲಿ ಸೇರುತ್ತಿದ್ದವು. ಅಲ್ಲಿ ಅಂಚೆ ಚೀಲ ಅದಲುಬದಲು ಮಾಡಿಕೊಂಡು ಬೆಳಗಾಗುವುದರೊಳಗೆ ತಮ್ಮ ತಮ್ಮ ಊರಿಗೆ ಮರಳುತ್ತಿದ್ದವು. ಟೆಲಿಫೋನ್ ವಿಸ್ತರಿಸಲು ಸರ್ಕಾರದ ಬಳಿ ದುಡ್ಡಿರಲಿಲ್ಲ. ಗ್ರಾಹಕರಿಂದಲೇ ಮುಂಗಡ ಪಡೆದು ಲೈನ್ ಕೊಡುವ ಯೋಜನೆ ತಂದರು.

1952ರಲ್ಲಿ ಸಿಕ್ಕಿದ್ದು ಆಹಾರ ಖಾತೆ. ಅದನ್ನು ಮುಳ್ಳಿನ ಕುರ್ಚಿ ಎಂದೇ ಹೇಳಬೇಕು. ಯುದ್ಧಕಾಲದಿಂದ ರೇಷನ್, ಕ್ಯೂ, ಕಾಳಸಂತೆ. ಒಂದು ಪ್ರಾಂತ್ಯದ ಧಾನ್ಯ ಇನ್ನೊಂದಕ್ಕೆ ಹೋಗುವಂತಿರಲಿಲ್ಲ. ನಿಯಂತ್ರಣ ಇದ್ದಷ್ಟು ದಿನ ಜನ ಹೆದರಿ ಕಾಳು ಬಚ್ಚಿಡುತ್ತಾರೆ, ಬಚ್ಚಿಟ್ಟಷ್ಟೂ ಕೊರತೆ ಹೆಚ್ಚುತ್ತದೆ ಎಂಬುದು ಕಿದ್ವಾಯಿಯವರ ಲೆಕ್ಕ. ಆ ವರ್ಷ ಮದ್ರಾಸ್ ರಾಜ್ಯದಲ್ಲಿ ರಾಜಾಜಿ ನಿಯಂತ್ರಣ ತೆಗೆದಾಗ ಅವರು ಬೆಂಬಲಕ್ಕೆ ನಿಂತರು. ನಮ್ಮ ದಕ್ಷಿಣ ಕನ್ನಡ, ಬಳ್ಳಾರಿ ಆಗ ಮದ್ರಾಸಿಗೇ ಸೇರಿದ್ದವು ಎಂಬುದನ್ನು ನೆನಪಿಡಿ. ಸರ್ಕಾರದ ಕೈಯಲ್ಲಿ ದಾಸ್ತಾನು ಇಟ್ಟುಕೊಂಡು ಹಂತ ಹಂತವಾಗಿ ಸಡಿಲಿಸುತ್ತಾ ಬಂದರು. 1954ರ ಮಧ್ಯದ ಹೊತ್ತಿಗೆ ಅಕ್ಕಿಯೂ ನಿಯಂತ್ರಣದಿಂದ ಬಿಡುಗಡೆಯಾಯಿತು.

ಹಾಗಂತ ಅವರನ್ನು ಔಲಿಯಾ ಮಾಡುವುದು ಬೇಡ. ಒಳ್ಳೆ ಮಳೆಯೂ ಅವರ ಕೈಹಿಡಿಯಿತು. ಮುಂದಿನ ಕೆಲವೇ ವರ್ಷಗಳಲ್ಲಿ ಬೆಲೆ ಏರಿ, ನಿಯಂತ್ರಣಗಳು ಬೇರೆ ಬೇರೆ ರೂಪದಲ್ಲಿ ವಾಪಸ್ ಬಂದವು. ಪಕ್ಷದೊಳಗಿನ ಗುಂಪುಗಾರಿಕೆಯಲ್ಲಿ ಅವರು ಪಳಗಿದ ಕೈ. 1951ರಲ್ಲಿ ಕಾಂಗ್ರೆಸ್ ಬಿಟ್ಟರು, ಮತ್ತೆ ಮರಳಿದರು. 1953ರಲ್ಲಿ ಶೇಖ್ ಅಬ್ದುಲ್ಲಾರನ್ನು ಅಧಿಕಾರದಿಂದ ಇಳಿಸಿ ಬಂಧಿಸಿದ್ದರ ಹಿಂದೆ ಅವರ ಒತ್ತಾಸೆಯೂ ಇತ್ತೆಂದು ಇತಿಹಾಸಕಾರರು ಬರೆಯುತ್ತಾರೆ. ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

1954ರ ಅಕ್ಟೋಬರ್ 24ರಂದು, ಮಂತ್ರಿಯಾಗಿದ್ದಾಗಲೇ, ದಿಲ್ಲಿಯಲ್ಲಿ ತೀರಿಕೊಂಡರು. ಕೇಳಿ ಬಂದವರಿಗೆಲ್ಲ, ರಾಜಕೀಯ ವಿರೋಧಿಗಳಿಗೂ, ಕೊಟ್ಟು ಕೊಟ್ಟು ಅಭ್ಯಾಸವಿದ್ದ ಕೈ ಅದು. ಹಿಂದೆ ಉಳಿದದ್ದು ಸಾಲ ಮತ್ತು ಮಸೌಲಿಯ ಹಳೆಯ ಮನೆ.

ನಮ್ಮ ಮಕ್ಕಳಿಗೆ ಮುಸ್ಲಿಂ ನಾಯಕರೆಂದರೆ ಸಮುದಾಯದ ಪರವಾಗಿ ಮಾತಾಡಿದವರ ಹೆಸರಷ್ಟೇ ಹೇಳಿಕೊಡುತ್ತೇವೆ. ಅದು ಬೇಕು, ಆದರೆ ಸಾಲದು. ಅಂಚೆ, ಫೋನು, ಅಕ್ಕಿ ಎಲ್ಲರಿಗೂ ತಲುಪಬೇಕಾದವು. ಅವನ್ನು ತಲುಪಿಸುವ ಜವಾಬ್ದಾರಿಯನ್ನು ಒಬ್ಬ ಮುಸ್ಲಿಂ ಮಂತ್ರಿ ಅಮಾನತ್ತಿನಂತೆ ಹೊತ್ತಿದ್ದರು, ಅದೂ ಮನೆಯಲ್ಲಿ ಕೊಲೆಯಾದ ವರ್ಷದಲ್ಲಿ. ಇದನ್ನೂ ಪಾಠದಲ್ಲಿ ಹೇಳೋಣ. ಆಗ "ಕಿದ್ವಾಯಿ" ಎಂದ ಕೂಡಲೇ ಮಗು ಆಸ್ಪತ್ರೆಯ ಜೊತೆಗೆ ಒಬ್ಬ ಮನುಷ್ಯನನ್ನೂ ನೆನೆದೀತು.