ಹಳೆಯ ಯುದ್ಧಪದಕ: ಅಂಚಿನಲ್ಲಿದೆ ಯೋಧನ ಹೆಸರು

ಬೆಂಗಳೂರು: ಜಯನಗರ, ಬನಶಂಕರಿಯ ಹಳೆಯ ಮನೆಗಳನ್ನು ಕೆಡಹುವಾಗ ಅಟ್ಟದ ಪೆಟ್ಟಿಗೆಯಲ್ಲಿ ಕಪ್ಪಿಟ್ಟ ಪದಕ ದೊರೆತರೆ, ಬೆಳ್ಳಿ ಅಂಗಡಿಗೆ ಒಯ್ಯುವ ಮುನ್ನ ಅದರ ಅಂಚನ್ನು ಓದಬೇಕು.

ಮೊದಲನೇ ಮಹಾಯುದ್ಧದಲ್ಲಿ ಹೋರಾಡಿದ ಭಾರತೀಯರಿಗೆ ದೊರೆತ ಪದಕಗಳಲ್ಲಿ ಎರಡು ಮುಖ್ಯವಾದವು. ‘ಬ್ರಿಟಿಷ್ ವಾರ್ ಮೆಡಲ್’ ಬೆಳ್ಳಿಯದು. ಒಂದು ಬದಿ ಐದನೇ ಜಾರ್ಜ್ ದೊರೆ, ಇನ್ನೊಂದು ಬದಿ ಕುದುರೆ ಸವಾರ ಹಾಗೂ 1914, 1918 ಎಂಬ ಇಸವಿಗಳಿವೆ. ಕಾರ್ಮಿಕ ದಳದವರಿಗೆ ಇದನ್ನೇ ಕಂಚಿನಲ್ಲಿ ನೀಡಲಾಯಿತು. ‘ವಿಕ್ಟರಿ ಮೆಡಲ್’ ಕಂಚಿನದು; ರೆಕ್ಕೆಯುಳ್ಳ ವಿಜಯದೇವತೆ ಅದರ ಗುರುತು. ಎರಡರ ವ್ಯಾಸವೂ ಸುಮಾರು 36 ಮಿಲಿಮೀಟರ್. ಪಡೆದವರ ಹುದ್ದೆ, ಹೆಸರು, ದಳವನ್ನು ಇಂಗ್ಲಿಷಿನಲ್ಲಿ ಅಂಚಿಗೆ ಒತ್ತಲಾಗಿದೆ.

ದಳದ ಹೆಸರು ‘ಮೈಸೂರು ಲ್ಯಾನ್ಸರ್ಸ್’ ಎಂದಿದ್ದರೆ ಅದು ಮಹಾರಾಜರ ಅಶ್ವದಳದವರದು. 1918ರ ಸೆಪ್ಟೆಂಬರ್ 23ರಂದು ಈ ದಳವು ಜೋಧಪುರದ ಅಶ್ವದಳದೊಡನೆ, ಈಗ ಇಸ್ರೇಲ್‌ನಲ್ಲಿರುವ ಹೈಫಾ ಪಟ್ಟಣವನ್ನು ತುರ್ಕಿ ಸೇನೆಯಿಂದ ವಶಪಡಿಸಿಕೊಂಡಿತು. ಮಡಿದವರ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ. ಬದುಕಿ ಮರಳಿದವರ ಪಾಲಿಗೆ ಮನೆಯಲ್ಲಿ ಉಳಿದ ಗುರುತು ಎಷ್ಟೋ ಸಲ ಈ ಪದಕವೊಂದೇ.

ಹುಣಸೆಹಣ್ಣು, ಪಾಲಿಶ್ ಹಚ್ಚಿ ಉಜ್ಜಿದರೆ ಅಕ್ಷರಗಳು ಸವೆಯುತ್ತವೆ. ಒಣ ಬಟ್ಟೆಯಿಂದ ಒರೆಸಿ, ಅಂಚಿನ ಬರಹವನ್ನು ಬರೆದಿಟ್ಟುಕೊಳ್ಳುವುದು ಲೇಸು. ಕೊಳ್ಳುವವರು ಅಂಚು ಅರೆದು ಹೆಸರು ಬದಲಿಸಿಲ್ಲವೆಂದು ಪರೀಕ್ಷಿಸಬೇಕು. ನೂರು ವರ್ಷ ತುಂಬಿದ ಐತಿಹಾಸಿಕ ವಸ್ತುಗಳಿಗೆ 1972ರ ಪ್ರಾಚ್ಯವಸ್ತು ಕಾಯ್ದೆ ಅನ್ವಯಿಸುತ್ತದೆ. ಖಾಸಗಿಯವರು ಅವನ್ನು ವಿದೇಶಕ್ಕೆ ಸಾಗಿಸುವಂತಿಲ್ಲ. ಪೆಟ್ಟಿಗೆಯಲ್ಲಿ ಮದ್ದುಗುಂಡು ಕಂಡರೆ ಮುಟ್ಟದೆ ಪೊಲೀಸರಿಗೆ ತಿಳಿಸಬೇಕು.