ವೋರ್ಮ್ಸ್: ಕಲ್ಲಿನಲ್ಲಿ ಉಳಿದ ವಂಶಾವಳಿ

ಜರ್ಮನಿಯಲ್ಲಿ ರೈನ್ ನದಿಯ ಎಡದಂಡೆಯ ಮೇಲೆ ವೋರ್ಮ್ಸ್ ಎಂಬ ನಗರವಿದೆ. ನಗರವೆಂದರೂ ದೊಡ್ಡದೇನಲ್ಲ, ಜನಸಂಖ್ಯೆ ಲಕ್ಷ ಮುಟ್ಟುವುದಿಲ್ಲ. ರೈಲಿನಿಂದ ಇಳಿದವರು ಮೂರು ನಾಲ್ಕು ಗಂಟೆಗಳಲ್ಲಿ ಕಾಲ್ನಡಿಗೆಯಲ್ಲೇ ಮುಖ್ಯ ಸ್ಥಳಗಳನ್ನೆಲ್ಲ ನೋಡಿ ಸಂಜೆಯ ರೈಲಿಗೆ ಹಿಂದಿರುಗಬಹುದು. ಹೀಗೆ ಬರುವವರಲ್ಲಿ ಹೆಚ್ಚಿನವರು ಸಾಮಾನ್ಯ ಪ್ರವಾಸಿಗಳು. ಆದರೆ ಅಮೆರಿಕ, ಇಸ್ರೇಲ್, ಇಂಗ್ಲೆಂಡುಗಳಿಂದ ಇನ್ನೊಂದು ಬಗೆಯ ಜನರೂ ಬರುತ್ತಾರೆ. ಅವರ ಬಳಿ ಅಜ್ಜನದೋ ಮುತ್ತಜ್ಜಿಯದೋ ಹೆಸರು ಬರೆದ ಒಂದು ಚೀಟಿ ಇರುತ್ತದೆ. ತಮ್ಮ ಮನೆತನದ ಮೂಲ ಈ ಊರಿನಲ್ಲಿದೆಯೆಂದು ಕೇಳಿ, ಅದನ್ನು ಹುಡುಕಿಕೊಂಡು ಬಂದವರು ಅವರು. ಅಂಥವರಿಗೆ ಅಲ್ಲಿ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದನ್ನು ನೋಡೋಣ.

ಮೊದಲು ಎಲ್ಲರೂ ನೋಡುವ ಸ್ಥಳಗಳು. ಕೆಂಪು ಮರಳುಗಲ್ಲಿನ ಕೆಥೆಡ್ರಲ್ ಬಹುಮಟ್ಟಿಗೆ 12ನೆಯ ಶತಮಾನದ ಕಟ್ಟಡ. ಜರ್ಮನರ ಹಳೆಯ ವೀರಕಾವ್ಯ ‘ನಿಬೆಲುಂಗೆನ್‌ಲೀಡ್’ನಲ್ಲಿ ಇಬ್ಬರು ರಾಣಿಯರ ಜಗಳ ನಡೆಯುವುದು ಈ ಊರಿನ ದೇವಾಲಯದ ಬಾಗಿಲಿನಲ್ಲೇ. ಕೆಥೆಡ್ರಲ್ ಪಕ್ಕದ ಉದ್ಯಾನದಲ್ಲಿ ಹಿಂದೆ ಬಿಷಪ್ಪರ ಅರಮನೆಯಿತ್ತು. 1521ರ ಏಪ್ರಿಲ್ 17 ಮತ್ತು 18ರಂದು ಮಾರ್ಟಿನ್ ಲೂಥರ್ ಚಕ್ರವರ್ತಿ ಐದನೆಯ ಚಾರ್ಲ್ಸನ ಎದುರು ನಿಂತು, ತನ್ನ ಬರಹಗಳನ್ನು ಹಿಂತೆಗೆದುಕೊಳ್ಳಲಾರೆನೆಂದು ಹೇಳಿದ್ದು ಇಲ್ಲಿಯೇ. ಅರಮನೆ ಈಗಿಲ್ಲ. ಲೂಥರನ ನೆನಪಿಗೆ ಅಲ್ಲಿ ಕಂಚಿನ ಒಂದು ಜೊತೆ ದೊಡ್ಡ ಬೂಟುಗಳಿವೆ. ಪ್ರವಾಸಿಗಳು ಅದರಲ್ಲಿ ಕಾಲಿಟ್ಟು ಫೋಟೋ ತೆಗೆಸಿಕೊಳ್ಳುತ್ತಾರೆ. ನಮ್ಮ ಪಠ್ಯಪುಸ್ತಕಗಳಲ್ಲಿ ವೋರ್ಮ್ಸ್ ಹೆಸರು ಬರುವುದು ಸಾಮಾನ್ಯವಾಗಿ ಇದೊಂದೇ ಸಂದರ್ಭದಲ್ಲಿ.

ಚೀಟಿ ಹಿಡಿದು ಬಂದವರು ಹೋಗುವುದು ಊರಿನ ಉತ್ತರದ ಅಂಚಿನಲ್ಲಿರುವ ಯೆಹೂದಿ ಕೇರಿಗೆ. ಇಲ್ಲಿ ಕ್ರಿ.ಶ. 1034ರಲ್ಲಿ ಒಂದು ಸಿನಗಾಗ್, ಅಂದರೆ ಯೆಹೂದಿಗಳ ಪ್ರಾರ್ಥನಾ ಮಂದಿರ ಕಟ್ಟಲ್ಪಟ್ಟಿತು. ಯೆಹೂದಿ ಧರ್ಮಗ್ರಂಥಗಳ ಮಹಾ ಭಾಷ್ಯಕಾರ ರಾಶಿ, ಫ್ರಾನ್ಸಿನಿಂದ ಬಂದು 1060ರ ಸುಮಾರಿಗೆ ಈ ಊರಿನಲ್ಲಿ ವಿದ್ಯಾರ್ಥಿಯಾಗಿದ್ದ. 1096ರಲ್ಲಿ ಮೊದಲ ಧರ್ಮಯುದ್ಧಕ್ಕೆ ಹೊರಟ ಗುಂಪುಗಳು ಇಲ್ಲಿನ ಯೆಹೂದಿಗಳನ್ನು ಕೊಂದವು. 1349ರಲ್ಲಿ ಪ್ಲೇಗಿಗೆ ಇವರೇ ಕಾರಣರೆಂದು ಆರೋಪ ಹೊರಿಸಿ ಮತ್ತೆ ಕೊಂದರು. 1615ರಲ್ಲಿ ಊರಿನಿಂದಲೇ ಓಡಿಸಿದರು. ಪ್ರತಿ ಸಲವೂ ಕೆಲವರು ಹಿಂದಿರುಗಿ ಬಂದು ಸಿನಗಾಗನ್ನು ರಿಪೇರಿ ಮಾಡಿಕೊಂಡು ಬಾಳಿದರು. 1938ರ ನವೆಂಬರಿನಲ್ಲಿ ನಾಜಿಗಳು ಅದಕ್ಕೆ ಬೆಂಕಿಯಿಟ್ಟರು. ಇಂದು ಕಾಣುವುದು, ಉಳಿದ ಹಳೆಯ ಕಲ್ಲುಗಳನ್ನು ಆದಷ್ಟೂ ಬಳಸಿ 1961ರಲ್ಲಿ ಪುನಃ ಕಟ್ಟಿ ಮುಗಿಸಿದ ಮಂದಿರ.

ಇನ್ನು ಹೆಸರಿನ ವಿಚಾರ. ವಂಶಮೂಲ ಹುಡುಕುವವನಿಗೆ ಮನೆತನದ ಹೆಸರೇ ಮೊದಲ ಎಳೆ. ಎಷ್ಟೋ ಹೆಸರುಗಳು ಊರುಗಳಿಂದಲೇ ಬಂದಿವೆ. ಆಪನ್‌ಹೈಮರ್ ಎಂಬ ಹೆಸರು ಎಲ್ಲರಿಗೂ ಗೊತ್ತು. ಅದರ ಮೂಲವಾದ ಆಪನ್‌ಹೈಮ್ ಎಂಬ ಪುಟ್ಟ ಊರು ವೋರ್ಮ್ಸ್ ಮತ್ತು ಮೈನ್ಜ್ ನಗರಗಳ ನಡುವೆ ರೈನ್ ದಂಡೆಯಲ್ಲೇ ಇದೆ. ಹೆಸರಿಗೆ ಮುಂಚೆ ಊರಿನ ಇನಿಷಿಯಲ್ ಬರೆಯುವ ನಮಗೆ ಇದು ವಿಚಿತ್ರವೆನಿಸಬೇಕಾಗಿಲ್ಲ. ಫ್ರಾಂಕ್‌ಫರ್ಟಿನ ರಾಥ್ಸ್‌ಚೈಲ್ಡ್ ಮನೆತನಕ್ಕೆ ಹೆಸರು ಬಂದದ್ದು ಮನೆಯ ಗುರುತಾಗಿದ್ದ ಕೆಂಪು ಗುರಾಣಿಯಿಂದ.

ಆದರೆ ಈ ಎಳೆ ಬಹಳ ದೂರ ಒಯ್ಯುವುದಿಲ್ಲ. ನೆಪೋಲಿಯನ್ನನ ಕಾಲದಲ್ಲಿ ರೈನ್ ನದಿಯ ಎಡದಂಡೆ ಫ್ರಾನ್ಸಿನ ವಶದಲ್ಲಿತ್ತು. ಯೆಹೂದಿಗಳೆಲ್ಲರೂ ಒಂದು ಸ್ಥಿರವಾದ ಮನೆತನದ ಹೆಸರು ಇಟ್ಟುಕೊಳ್ಳಬೇಕೆಂದು 1808ರಲ್ಲಿ ಆಜ್ಞೆಯಾಯಿತು. ಅದಕ್ಕೆ ಮುಂಚೆ ಅನೇಕರಿಗೆ ಅಂಥ ಹೆಸರೇ ಇರಲಿಲ್ಲ. ಇಂಥವನ ಮಗ ಇಂಥವನು ಎನ್ನುವುದಷ್ಟೇ ಗುರುತು. ಜನನ, ಮದುವೆ, ಮರಣಗಳ ಸರ್ಕಾರಿ ರಿಜಿಸ್ಟರುಗಳು ಆರಂಭವಾದದ್ದೂ ಇದೇ ಫ್ರೆಂಚ್ ಆಡಳಿತದಲ್ಲಿ. ಹಾಗಾದರೆ ಅದಕ್ಕೂ ಹಿಂದಿನವರನ್ನು ಹುಡುಕುವುದೆಲ್ಲಿ?

ಅದಕ್ಕಾಗಿ ಊರಿನ ಇನ್ನೊಂದು ಬದಿಗೆ, ‘ಪವಿತ್ರ ಮರಳು’ ಎಂಬ ಅರ್ಥದ ಹೆಸರುಳ್ಳ ಯೆಹೂದಿ ಸ್ಮಶಾನಕ್ಕೆ ಬರಬೇಕು. ಹುಲ್ಲಿನ ಇಳಿಜಾರಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಕಲ್ಲುಗಳಿವೆ. ಕೆಲವು ವಾಲಿವೆ, ಕೆಲವು ಅರ್ಧ ಹೂತಿವೆ. ಅತಿ ಹಳೆಯವು 11ನೆಯ ಶತಮಾನದವು. ಇಷ್ಟು ಕಾಲ ಇವು ಉಳಿದದ್ದು ಹೇಗೆ? ಜರ್ಮನಿಯ ಸಾಮಾನ್ಯ ಸ್ಮಶಾನಗಳಲ್ಲಿ ಸಮಾಧಿಯ ಜಾಗವನ್ನು ಇಪ್ಪತ್ತು ಮೂವತ್ತು ವರ್ಷಗಳ ಅವಧಿಗೆ ಕೊಡುವುದು ರೂಢಿ. ಅವಧಿ ಮುಗಿದ ಮೇಲೆ ಆ ಜಾಗ ಇನ್ನೊಬ್ಬರಿಗೆ. ಯೆಹೂದಿಗಳ ಧರ್ಮದಲ್ಲಿ ಹೂಳಿದವರನ್ನು ಎಂದಿಗೂ ಕದಲಿಸಬಾರದೆಂಬ ಕಟ್ಟಳೆಯಿದೆ. ಹೀಗಾಗಿ ಅದೇ ಊರಿನ ಕ್ರೈಸ್ತ ಕುಟುಂಬವೊಂದಕ್ಕೆ ತನ್ನ ಮುತ್ತಜ್ಜನ ಸಮಾಧಿಯೇ ಸಿಗದಿರಬಹುದು. ಊರಿನಿಂದ ಮತ್ತೆ ಮತ್ತೆ ಅಟ್ಟಿಸಿಕೊಂಡವರ ಕಲ್ಲುಗಳು ಮಾತ್ರ ಇಲ್ಲಿ ನಿಂತಿವೆ.

ಕಲ್ಲಿನ ಮೇಲೆ ಹೀಬ್ರೂ ಲಿಪಿಯಲ್ಲಿ ಹೆಸರು, ತಂದೆಯ ಹೆಸರು, ತೀರಿಕೊಂಡ ದಿನ ಇರುತ್ತವೆ. ಹೀಬ್ರೂವಿನಲ್ಲಿ ಅಕ್ಷರಗಳೇ ಅಂಕಿಗಳು. ವರ್ಷವನ್ನು ಎಣಿಸುವುದು ಜಗತ್ತಿನ ಸೃಷ್ಟಿಯಿಂದ. ಅನೇಕ ವೇಳೆ ಸಾವಿರದ ಸ್ಥಾನವನ್ನು ಬಿಟ್ಟು ಬರೆದಿರುತ್ತಾರೆ. 5053 ಎನ್ನುವ ಕಡೆ 53 ಎಂದಿದ್ದರೆ, ಅದಕ್ಕೆ 1240 ಕೂಡಿಸಿ: 1293 ಬಂತು. ಅವರ ವರ್ಷ ಶರತ್ಕಾಲದಲ್ಲಿ ಆರಂಭವಾಗುವುದರಿಂದ ಒಂದು ವರ್ಷದ ಹೆಚ್ಚುಕಡಿಮೆ ಇರಬಹುದು.

1293 ಎಂದದ್ದು ಸುಮ್ಮನೆ ಅಲ್ಲ. ರೋಥೆನ್‌ಬುರ್ಗಿನ ಮೇಯರ್ ಎಂಬ ದೊಡ್ಡ ಧರ್ಮಪಂಡಿತ ಸೆರೆಯಲ್ಲಿ ತೀರಿಕೊಂಡ ವರ್ಷ ಅದು. 1286ರಲ್ಲಿ ಕುಟುಂಬದೊಡನೆ ಜರ್ಮನಿಯನ್ನು ಬಿಟ್ಟು ಹೋಗುತ್ತಿದ್ದಾಗ ಆತನನ್ನು ಹಿಡಿದರು. ಯೆಹೂದಿಗಳು ರಾಜನ ಸ್ವತ್ತು, ಅಪ್ಪಣೆಯಿಲ್ಲದೆ ಹೋಗುವಂತಿಲ್ಲ ಎಂಬುದು ಅರಸ ರುಡಾಲ್ಫನ ವಾದ. ಹಣ ಕೊಟ್ಟರೆ ಬಿಡುವುದಾಗಿ ಹೇಳಿದ. ಒಬ್ಬನಿಗೆ ಕೊಟ್ಟರೆ ನಾಳೆ ಇನ್ನೊಬ್ಬನನ್ನು ಹಿಡಿಯುತ್ತಾರೆಂದು ಮೇಯರ್ ತಾನೇ ಬೇಡವೆಂದನೆಂದು ಪರಂಪರೆ ಹೇಳುತ್ತದೆ. ಸತ್ತ ಮೇಲೂ ಹೆಣವನ್ನು ಕೊಡಲಿಲ್ಲ. ಹದಿನಾಲ್ಕು ವರ್ಷಗಳ ಬಳಿಕ, 1307ರಲ್ಲಿ, ಅಲೆಕ್ಸಾಂಡರ್ ವಿಂಪ್‌ಫೆನ್ ಎಂಬ ಸಿರಿವಂತ ಹಣ ತೆತ್ತು ಅಸ್ಥಿಯನ್ನು ಬಿಡಿಸಿ ತಂದ. ಆತ ಬೇಡಿದ್ದು ಇಷ್ಟೇ: ತನ್ನನ್ನೂ ಪಕ್ಕದಲ್ಲೇ ಹೂಳಬೇಕು. ಇಬ್ಬರ ಕಲ್ಲುಗಳೂ ಅಕ್ಕಪಕ್ಕದಲ್ಲಿವೆ. ಬಂದವರು ಅವುಗಳ ಮೇಲೆ ಬೆಣಚುಕಲ್ಲುಗಳನ್ನೂ ಪ್ರಾರ್ಥನೆಯ ಚೀಟಿಗಳನ್ನೂ ಇಟ್ಟುಹೋಗುತ್ತಾರೆ.

ಇಷ್ಟು ಹಳೆಯ ಕಲ್ಲುಗಳು ಸಿಗುವ ಊರಿನಲ್ಲಿ, ಇತ್ತೀಚಿನವರ ಸಮಾಧಿಗಳು ಸಿಗುವುದಿಲ್ಲ. 1933ರಲ್ಲಿ ಇಲ್ಲಿ ಸುಮಾರು ಸಾವಿರ ಯೆಹೂದಿಗಳಿದ್ದರು. ಅನೇಕರು ದೇಶ ಬಿಟ್ಟರು. ಉಳಿದವರನ್ನು 1942ರಲ್ಲಿ ರೈಲುಗಳಲ್ಲಿ ಪೂರ್ವಕ್ಕೆ ಸಾಗಿಸಿದರು. ಅವರ ಹೆಸರುಗಳನ್ನು ರಸ್ತೆಯ ಬದಿಯಲ್ಲಿ ಹುಡುಕಬೇಕು. ಕೊನೆಯದಾಗಿ ವಾಸವಾಗಿದ್ದ ಮನೆಗಳ ಮುಂದೆ, ಕಾಲುದಾರಿಯಲ್ಲಿ, ಹತ್ತು ಸೆಂಟಿಮೀಟರ್ ಚದರದ ಹಿತ್ತಾಳೆ ಫಲಕಗಳನ್ನು ಹುದುಗಿಸಿದ್ದಾರೆ. ಹೆಸರು ಓದಬೇಕಾದರೆ ತಲೆ ಬಗ್ಗಿಸಲೇಬೇಕು.

ನಗರದ ದಾಖಲಾಲಯ ಈಗ ಸಿನಗಾಗಿನ ಪಕ್ಕದ ‘ರಾಶಿ ಮನೆ’ಯಲ್ಲಿದೆ. ನಾಜಿಗಳ ಕಾಲದಲ್ಲಿ ಅದರ ಅಧಿಕಾರಿಯಾಗಿದ್ದ ಫ್ರೀಡ್ರಿಶ್ ಇಲ್ಲರ್ಟ್, ಯೆಹೂದಿ ಸಮುದಾಯದ ಕೆಲವು ಅಮೂಲ್ಯ ಹಸ್ತಪ್ರತಿಗಳನ್ನು ಉಳಿಸಿದ. ಅವುಗಳಲ್ಲಿ 1272ರ ಒಂದು ಹಬ್ಬದ ಪ್ರಾರ್ಥನಾಗ್ರಂಥವೂ ಸೇರಿತ್ತು. ಅದರ ಒಂದು ಪುಟದಲ್ಲಿ, ದೊಡ್ಡದಾಗಿ ಬರೆದ ಪದವೊಂದರ ಅಕ್ಷರಗಳ ಟೊಳ್ಳಿನಲ್ಲಿ, ಲಿಪಿಕಾರ ಸಣ್ಣ ಅಕ್ಷರದಲ್ಲಿ ಒಂದು ಹಾರೈಕೆ ಸೇರಿಸಿದ್ದಾನೆ: ಈ ಭಾರವಾದ ಗ್ರಂಥವನ್ನು ಸಿನಗಾಗಿಗೆ ಹೊತ್ತು ತರುವವನಿಗೆ ಒಳ್ಳೆಯ ದಿನ ಬರಲಿ ಎಂಬುದು ಅದರ ಭಾವ. ಕಾಲ ಗೊತ್ತಿರುವ ಯಿಡ್ಡಿಷ್ ಭಾಷೆಯ ವಾಕ್ಯಗಳಲ್ಲಿ ಅದೇ ಅತ್ಯಂತ ಹಳೆಯದು. ಗ್ರಂಥ 1957ರಲ್ಲಿ ಜೆರುಸಲೇಮಿಗೆ ಹೋಯಿತು. ಅಲ್ಲಿನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ.