ತೋಕೆಗೋಧಿ ಮಾರಾಟ (ದೆಹಲಿ ವಲಯ)

ರಾಷ್ಟ್ರ ರಾಜಧಾನಿ ವಲಯದ ರೈತರು ತೋಕೆಗೋಧಿ (ಓಟ್ಸ್) ಬೆಳೆಯನ್ನು ಹಸಿಮೇವು, ಬಿತ್ತನೆಬೀಜ ಹಾಗೂ ಕಾಳಾಗಿ ಮಾರುವ ವ್ಯವಹಾರ. ಸ್ಥಳೀಯವಾಗಿ ‘ಜಈ’ ಎನ್ನುವ ತೋಕೆಗೋಧಿ ಹಿಂಗಾರಿ ಬೆಳೆ. ಅಕ್ಟೋಬರ್–ನವೆಂಬರಿನಲ್ಲಿ ಬಿತ್ತನೆ, ಕೊಯ್ದ ಮೇಲೆ ಮತ್ತೆ ಚಿಗುರುವುದರಿಂದ ಚಳಿಗಾಲದಲ್ಲಿ ಒಂದಕ್ಕಿಂತ ಹೆಚ್ಚು ಸಲ ಮೇವು ದೊರೆಯುತ್ತದೆ. ಹೈನುಗಾರರೇ ಮುಖ್ಯ ಗಿರಾಕಿಗಳು. ಬೀಜಕ್ಕೆಂದು ಉಳಿಸಿದ ಪೈರು ವಸಂತದಲ್ಲಿ ಮಾಗುತ್ತದೆ.

ಕೇಂದ್ರ ಸರ್ಕಾರದ ಕನಿಷ್ಠ ಬೆಂಬಲ ಬೆಲೆ ಗೋಧಿ, ಬಾರ್ಲಿಗಳಿಗೆ ಉಂಟು, ತೋಕೆಗೋಧಿಗೆ ಇಲ್ಲ. 2025-26ರ ಮಾರಾಟ ಹಂಗಾಮಿಗೆ ಕ್ವಿಂಟಲ್ ಗೋಧಿಗೆ 2,425 ರೂ., ಬಾರ್ಲಿಗೆ 1,980 ರೂ. ನಿಗದಿಯಾಗಿತ್ತು. ಇಂಥ ಆಸರೆಯಿಲ್ಲದ ಕಾರಣ ಬೆಲೆಯ ಮುನ್ನಂದಾಜು ತೋಕೆಗೋಧಿ ಬೆಳೆಗಾರನಿಗೇ ಹೆಚ್ಚು ಅಗತ್ಯ. ಆಧಾರಗಳೂ ಅವನಿಗೇ ಕಡಿಮೆ. ಮೇವಿನ ಬೇಡಿಕೆ, ಬರ್ಸೀಮ್ ಎಂಬ ಮೇವಿನ ಬೆಳೆಯ ಸ್ಥಿತಿ, ಗೋಧಿ ಹೊಟ್ಟಿನ ದರ ಇವೇ ಸೂಚಕಗಳು.

ಇದಕ್ಕೆ ಹೋಲಿಸಿದರೆ ಮುಖ್ಯ ಧಾನ್ಯಗಳ ದರ ತಿಳಿಯಲು ದೆಹಲಿಯ ನರೇಲಾ, ನಜಫ್‌ಗಢ ಮಂಡಿಗಳೂ ಉತ್ತರ ಪ್ರದೇಶದ ಹಾಪುಡ್ ಮಂಡಿಯೂ ಇವೆ. 2000ದಲ್ಲಿ ಆರಂಭವಾದ ಸರ್ಕಾರಿ ಜಾಲತಾಣ ಅಗ್‌ಮಾರ್ಕ್‌ನೆಟ್ ದೈನಂದಿನ ಆವಕ ಮತ್ತು ದರಗಳನ್ನು ಪ್ರಕಟಿಸುತ್ತದೆ. 2016ರ ಏಪ್ರಿಲ್ 14ರಂದು ಮಂಡಿಗಳನ್ನು ಆನ್‌ಲೈನಿನಲ್ಲಿ ಬೆಸೆಯುವ ಇ-ನಾಮ್ ಜಾಲ ಶುರುವಾಯಿತು. ಹಿಂದಿನ ವರ್ಷಗಳ ಆವಕವನ್ನು ಹೋಲಿಸಿ ಅಂದಾಜು ಕಟ್ಟಬಹುದಾದರೂ ಸರ್ಕಾರ ಮತ್ತು ನಿಯಂತ್ರಕರ ಹಠಾತ್ ನಿರ್ಧಾರಗಳು ಅದನ್ನು ಬುಡಮೇಲು ಮಾಡುತ್ತವೆ. ಉದಾಹರಣೆಗೆ, 2021ರ ಡಿಸೆಂಬರಿನಲ್ಲಿ ಷೇರು ಮತ್ತು ಸರಕು ಮಾರುಕಟ್ಟೆ ನಿಯಂತ್ರಕ ಸೆಬಿ ಗೋಧಿಯ ವಾಯಿದೆ ವ್ಯಾಪಾರವನ್ನು ತಡೆಹಿಡಿಯಿತು. 2022ರ ಮೇ 13ರಂದು ಗೋಧಿ ರಫ್ತು ನಿಷೇಧವಾಯಿತು.